ಹೊಸ್ತಿಲಾಚೆಯ ಟಿವಿ

ಎಂಬತ್ತರ ದಶಕದಲ್ಲಿ ಬೆಳೆದವರ ವಾಟ್ಸಾಪ್ ಗುಂಪುಗಳಿಗೆ ಭಾನುವಾರ ಬೆಳಗಾಯಿತೆಂದರೆ ಒಂದು ಚಿತ್ರ ಬಂದು ಬೀಳುತ್ತದೆ. ಮರದ ಷಟರಿನ, ನಾಲ್ಕು ಕಾಲಿನ ಕಪ್ಪು-ಬಿಳುಪು ಟಿವಿ. ಅದರ ತಲೆಯ ಮೇಲೆ ಕ್ರೋಶಾ ಹೊದಿಕೆ, ಹೊದಿಕೆಯ ಮೇಲೆ ಪ್ಲಾಸ್ಟಿಕ್ ಹೂವು. ಕೆಳಗೆ ‘ಆ ಕಾಲವೇ ಬೇರೆ’ ಎಂಬ ಒಕ್ಕಣೆ. ಇಡೀ ಓಣಿ ಒಂದೇ ಟಿವಿಯ ಮುಂದೆ ಕೂತು ನೋಡುತ್ತಿತ್ತು, ಎಂಥ ಒಗ್ಗಟ್ಟಿತ್ತು ಆಗ ಎಂದು ಒಬ್ಬರು ಬರೆದರೆ ಉಳಿದವರು ಕೈಮುಗಿದ ಗುರುತು ಹಾಕುತ್ತಾರೆ. ಅಂಬರನಾಥದ ಚಾಳಿನಲ್ಲಿ ಬೆಳೆದ ನನಗೆ ಈ ಒಗ್ಗಟ್ಟಿನ ಮಾತು ಓದಿದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ಇದನ್ನು ಬರೆದವರು ಆಗ ಮಂಚದ ಮೇಲೆ ಕೂತಿದ್ದವರೋ, ಹೊಸ್ತಿಲಾಚೆ ನಿಂತಿದ್ದವರೋ?

ನಮ್ಮ ಚಾಳಿಗೆ ಮೊದಲ ಟಿವಿ ತಂದವರು ಆರ್ಡನನ್ಸ್ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದವರು. ಹತ್ತು ಬೈ ಹನ್ನೆರಡರ ಖೋಲಿ. ಮಂಚದ ಮೇಲೆ ಮನೆಯವರು, ಅವರ ನೆಂಟರು. ಮಂಚದ ಕೆಳಗೆ ಚಾಪೆಯ ಮೇಲೆ ಬಾಡಿಗೆ ಸರಿಯಾಗಿ ಕೊಡುವ, ಮನೆಯೊಡತಿ ಕಾಕೂಗೆ ಬೇಕಾದ ಮನೆಗಳ ಮಕ್ಕಳು. ಅವರ ಹಿಂದೆ ಬರಿ ನೆಲದ ಮೇಲೆ ನಮ್ಮಂಥವರು. ಚಾಳಿನ ಹಿಂದಿನ ಝೋಪಡಿಗಳಿಂದ ಬಂದವರಿಗೆ ಹೊಸ್ತಿಲ ಹೊರಗೆ ಜಾಗ. ಅದರಲ್ಲೂ ಯಾರು ಯಾವ ಕೇರಿಯವರು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಕಾಕೂಗೆ ತಲೆನೋವು ಬಂದರೆ ಸಿನಿಮಾ ಅರ್ಧಕ್ಕೇ ಮುಗಿಯುತ್ತಿತ್ತು. ಪಕ್ಕದ ಚಾಳಿನಲ್ಲಿ ಇನ್ನೂ ನೇರ ವ್ಯವಹಾರ: ಸಿನಿಮಾಕ್ಕೆ ತಲೆಗೆ ನಾಲ್ಕಾಣೆ. ಅದೇ ಮರ್ಯಾದೆಯದೆಂದು ನನ್ನವ್ವ ಹೇಳುತ್ತಿದ್ದಳು. ಅವಳು ಯಾರ ಮನೆಗೂ ಟಿವಿ ನೋಡಲು ಹೋದವಳಲ್ಲ. ಹೊಸ್ತಿಲಾಚೆ ನಿಂತವರು ಈಗ ಯಾವ ವಾಟ್ಸಾಪ್ ಗುಂಪಿನಲ್ಲೂ ಒಗ್ಗಟ್ಟಿನ ಬಗ್ಗೆ ಬರೆದದ್ದನ್ನು ನಾನು ಕಂಡಿಲ್ಲ.

ಇನ್ನು ಟಿವಿಯಲ್ಲಿ ಕಾಣುತ್ತಿದ್ದದ್ದಾದರೂ ಏನು? ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು, ವರಳಿಯಿಂದ. ವರಳಿಯ 300 ಮೀಟರ್ ಎತ್ತರದ ಗೋಪುರ ದಾದರಿನವರಿಗೆ ಕೈಚಾಚಿದರೆ ಸಿಗುವಷ್ಟು ಹತ್ತಿರ. ನಮಗೂ ಅದಕ್ಕೂ ನಡುವೆ ಇಡೀ ಠಾಣೆ ಖಾಡಿ, ಮುಂಬ್ರಾದ ಪಾರ್ಸಿಕ್ ಗುಡ್ಡ. ನಗರದವರು ಕಿಟಕಿಗೆ ಕಟ್ಟಿದ ಪುಟ್ಟ ಆಂಟೆನಾದಲ್ಲಿ ನೋಡುತ್ತಿದ್ದುದನ್ನು ನಾವು ಹೆಂಚಿನ ಮೇಲೆ ಎರಡು ಕೊಳವೆ ಜೋಡಿಸಿ ನಿಲ್ಲಿಸಿದ ಆಂಟೆನಾ ಮತ್ತು ಬೂಸ್ಟರಿನಲ್ಲಿ ನೋಡಬೇಕಿತ್ತು. ಗಾಳಿ ಬಂದರೆ ಚಿತ್ರ ಎರಡೆರಡಾಗುತ್ತಿತ್ತು, ಕಾಗೆ ಕೂತರೆ ಪರದೆಯ ತುಂಬ ಮುಂಗ್ಯಾ, ಅಂದರೆ ಇರುವೆ. ಮೇಲೆ ಹತ್ತಿದವನು ‘ಆಲಂ ಕಾ?’ (ಬಂತಾ?) ಎಂದು ಕೂಗಿದರೆ ಕೆಳಗಿನಿಂದ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬೈಗುಳ ಹೋಗುತ್ತಿತ್ತು. ಮಳೆಗಾಲದಲ್ಲಿ ಹೆಂಚಿನ ಮೇಲೆ ಹತ್ತಿ ಕಾಲು ಮುರಿದುಕೊಂಡವರಿದ್ದರು. ಮುಂಬಯಿ ನಗರಕ್ಕೆ ಬೆಸ್ಟ್‌ನ ವಿದ್ಯುತ್ತು, ನಮಗೆ ರಾಜ್ಯದ ವಿದ್ಯುತ್ ಮಂಡಳಿಯದು; ಲೈಟು ಹೋಯಿತೆಂದರೆ ಮುಗಿಯಿತು, ಎದ್ದು ಮನೆಗೆ ನಡೆಯುವುದೇ. ಇಷ್ಟೆಲ್ಲದರ ಮೇಲೆ, ರೇಡಿಯೋಗಿದ್ದಂತೆ ಟಿವಿಗೂ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಎಂಬತ್ತರ ದಶಕದ ನಡುವೆ ಅದು ರದ್ದಾಯಿತು.

ಕಾರ್ಯಕ್ರಮಗಳಲ್ಲಿ ಬಹುಪಾಲು ಬೇಸರದವು. ಇದನ್ನು ಯಾರೂ ಈಗ ಒಪ್ಪಿಕೊಳ್ಳುವುದಿಲ್ಲ. ಸಂಜೆ ‘ಆಮ್ಚೀ ಮಾತೀ ಆಮ್ಚೀ ಮಾಣ್ಸಂ’ ಎಂಬ ರೈತರ ಕಾರ್ಯಕ್ರಮ. ಕಾರ್ಖಾನೆಗಳ ಊರಾದ ಅಂಬರನಾಥದಲ್ಲಿ ಒಂದು ಗುಂಟೆ ಹೊಲವಿಲ್ಲದ ನಾವು ಯೂರಿಯಾ ಎಷ್ಟು ಹಾಕಬೇಕು, ದ್ರಾಕ್ಷಿಗೆ ಯಾವ ಔಷಧಿ ಹೊಡೆಯಬೇಕು ಎಂಬುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು. ಟಿವಿ ಹಚ್ಚಿದ್ದಾರೆ, ಅದಕ್ಕೆ ನೋಡಬೇಕು, ಅಷ್ಟೇ. ಬಿಜಾಪುರ ಕಡೆಯ ಇಂಡಿ ತಾಲ್ಲೂಕಿನ ಒಣಭೂಮಿ ಬಿಟ್ಟು ವಿಮ್ಕೋ ಕಡ್ಡಿಪೆಟ್ಟಿಗೆ ಕಾರ್ಖಾನೆಗೆ ಬಂದ ಅಪ್ಪ ಒಬ್ಬನೇ ಅದನ್ನು ನಿಜವಾಗಿ ಕೇಳುತ್ತಿದ್ದ. ಬಾಗಿಲ ಚೌಕಟ್ಟಿಗೆ ಒರಗಿ, ‘ನೀರಿದ್ದವರಿಗೆ ಹೇಳ್ಲಿಕ್ಕೆ ಹತ್ಯಾನ, ನಮಗಲ್ಲ’ ಎಂದು ತೀರ್ಪು ಕೊಟ್ಟು ಹೋಗುತ್ತಿದ್ದ.

ಒಳ್ಳೆಯವೂ ಇದ್ದವು. ದಿಲೀಪ್ ಪ್ರಭಾವಳಕರ್ ಚಿಮಣರಾವ್, ಬಾಳ್ ಕರ್ವೆ ಗುಂಡ್ಯಾಭಾವು ಆಗಿದ್ದ ಮರಾಠಿ ಮಾಲಿಕೆಯ ಬಗ್ಗೆ ದೊಡ್ಡವರು ಹೇಳಿ ಹೇಳಿ ನಗುತ್ತಿದ್ದರು. ಶುರುವಿನ ವರ್ಷಗಳಲ್ಲಿ ಮರಾಠಿ ವಾರ್ತೆ ಓದುತ್ತಿದ್ದ ಸ್ಮಿತಾ ಪಾಟೀಲ್ ಆಮೇಲೆ ಸಿನಿಮಾ ನಟಿಯಾದದ್ದು ಚಾಳಿನ ಹುಡುಗಿಯರಿಗೆಲ್ಲ ಗೊತ್ತಿದ್ದ ಕಥೆ. ಪ್ರದೀಪ್ ಭಿಡೆ ಅವರ ದನಿಯಲ್ಲಿ ‘ಬಾತಮ್ಯಾ’ ಕೇಳಿ ಕೇಳಿಯೇ ನಾನು ಶುದ್ಧ ಮರಾಠಿ ಕಲಿತದ್ದು. ಗುರುವಾರದ ಛಾಯಾಗೀತ, ತಬಸ್ಸುಮ್ ನಡೆಸುತ್ತಿದ್ದ ಮಾತುಕತೆ, ಶನಿವಾರ ಮರಾಠಿ ಸಿನಿಮಾ, ಭಾನುವಾರ ಹಿಂದಿ ಸಿನಿಮಾ. ಗುಜರಾತಿಗಳ ಮಕ್ಕಳಿಗೂ ‘ಸಂತಾಕೂಕಡಿ’ ಎಂಬುದೊಂದಿತ್ತು. ಮುಂಬಯಿ, ಠಾಣೆ ತುಂಬ ಹೋಟೆಲು ನಡೆಸುವವರಿಂದ ಹಿಡಿದು ಗಿರಣಿ, ಕಾರ್ಖಾನೆ, ಬ್ಯಾಂಕುಗಳವರೆಗೆ ಹರಡಿಕೊಂಡಿದ್ದ ಕನ್ನಡಿಗರ ಮಕ್ಕಳಿಗೆ ಅಂಥದೇನೂ ಇರಲಿಲ್ಲ. ನಮ್ಮ ಕನ್ನಡ ಅವ್ವನ ಬಾಯಲ್ಲಿ, ಊರಿನಿಂದ ಬರುವ ಇನ್‌ಲ್ಯಾಂಡ್ ಪತ್ರದಲ್ಲಿ, ಮತ್ತು ಬೇಸಿಗೆ ರಜೆಯಲ್ಲಿ ಸೊಲ್ಲಾಪುರ ದಾಟಿದ ಮೇಲೆ.

ಇದರಲ್ಲೊಂದು ತಮಾಷೆಯಿದೆ. ನಾವು ‘ಮುಂಬಯಿಯವರು’ ಎಂದು ಊರಿಗೆ ಹೋಗಿ ಟಿವಿಯ ಬಡಾಯಿ ಕೊಚ್ಚಿದರೆ ಸೋದರಮಾವ ನಗುತ್ತಿದ್ದ. ಅವನ ಪ್ರಕಾರ ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಅವರ ಸೀಮೆಗೆ, ಅದೂ ಕನ್ನಡದಲ್ಲಿ! ಮಾತು ಸುಳ್ಳಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ತಂತಿಬಲೆಯ ದೊಡ್ಡ ಕೊಡೆಯಂಥ ಆಂಟೆನಾ ನಿಲ್ಲಿಸಿ ಟಿವಿ ತೋರಿಸಿದರು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿಗೆ ಟಿವಿ ಬಂದದ್ದು 1981ರ ನವೆಂಬರಿನಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಜೋಳದ ಸೀಮೆಯ ಜನ ಶಾಲೆಯಂಗಳದಲ್ಲಿ ಕೂತು ಕನ್ನಡದ ಕಾರ್ಯಕ್ರಮ ನೋಡಿದ್ದರು. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಬೇರೆಡೆ ಸರಿಸಿಕೊಂಡರು. ಗುಲ್ಬರ್ಗಾದ ಸುತ್ತ 1977ರಲ್ಲಿ ಟ್ರಾನ್ಸ್‌ಮಿಟರ್ ಬಂತು, ಉಳಿದ ಹಳ್ಳಿಗಳು ಮತ್ತೆ ಕಾಯುತ್ತ ಕೂತವು. ಟಿವಿಯ ಹಳೆಯ ನೆನಪು ಎಂದರೆ ಎಲ್ಲರೂ ಮಹಾನಗರದ ಡ್ರಾಯಿಂಗ್ ರೂಮನ್ನೇ ಬರೆಯುತ್ತಾರೆ. ಬಿಜಾಪುರದ ಆ ಒಂದು ವರ್ಷದ ಬಗ್ಗೆ, ನೋಡಿದವರು ಬದುಕಿರುವಾಗಲೇ, ಯಾರಾದರೂ ಕೂತು ಕೇಳಿ ಬರೆದುಕೊಳ್ಳಬೇಕಿತ್ತು.

ಅಂಬರನಾಥದಲ್ಲಿ ನಮಗೆ ಕನ್ನಡ ಕಾಣಿಸುತ್ತಿದ್ದದ್ದು ಭಾನುವಾರ ಮಧ್ಯಾಹ್ನ. ಕಿವುಡರಿಗಾಗಿ ಕೈಸನ್ನೆಯ ವಾರ್ತೆ ಮುಗಿದ ಮೇಲೆ ದಿಲ್ಲಿಯಿಂದ ಒಂದು ಪ್ರಾದೇಶಿಕ ಸಿನಿಮಾ ಬರುತ್ತಿತ್ತು, ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳೊಂದಿಗೆ. ಹೆಚ್ಚುಕಡಿಮೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಭಾಷೆಗಳ ಪಾಳಿ: ಅಸ್ಸಾಮಿ, ಬಂಗಾಳಿ, ಗುಜರಾತಿಗಳೆಲ್ಲ ಆಗಿ ಕನ್ನಡಕ್ಕೆ ಬರುವಷ್ಟರಲ್ಲಿ ತಿಂಗಳುಗಳು ಉರುಳುತ್ತಿದ್ದವು. ಬಂದರೂ ಪ್ರಶಸ್ತಿ ಪಡೆದ ಸಿನಿಮಾಗಳೇ. ರಾಜಕುಮಾರ್ ಹಾಡಿ ಕುಣಿಯುವುದನ್ನು ನೋಡಲು ಹಾತೊರೆದು ಕೂತ ನಮ್ಮ ಮುಂದೆ ‘ತಬರನ ಕಥೆ’ ಬಂತು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ನಿರ್ದೇಶನ, 1986ರ ಸ್ವರ್ಣಕಮಲ. ಪೆನ್ಷನ್‌ಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನನ್ನು ಕೊನೆಯವರೆಗೆ ನೋಡಿ ಅಪ್ಪ ಎದ್ದ. ‘ಇದರಾಗ ಏನ್ ಸಿನಿಮಾ ಅದ? ದಿನಾ ನೋಡೂದೇ ಅದ’ ಎಂದ. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಆ ಸಿನಿಮಾದ ಬಗ್ಗೆ ಓದಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ಕನ್ನಡಿಗರೆಂದರೆ ಯಾವಾಗಲೂ ಬಡತನದಲ್ಲಿ, ಮೌನವಾಗಿ, ಮಬ್ಬು ಬೆಳಕಿನಲ್ಲಿ ಇರುವ ಜನ ಎಂಬ ಭಾವನೆ ಬಂದಿರಬೇಕು.

ಆ ಭಾವನೆಯನ್ನು ಅಳಿಸಿದ್ದು ‘ಮಾಲ್ಗುಡಿ ಡೇಸ್’. ಹಿಂದಿಯ ಧಾರಾವಾಹಿ, ಆದರೆ ಅದರಲ್ಲಿ ಹಿಂದಿ ಸೀಮೆಯದು ಎನ್ನುವಂಥದು ಮಾತೊಂದೇ. ಆರ್.ಕೆ. ನಾರಾಯಣ್ ಬರೆದ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ಗೆರೆಚಿತ್ರಗಳು, ಎಲ್. ವೈದ್ಯನಾಥನ್ ಸಂಗೀತ, ಶಂಕರ್ ನಾಗ್ ನಿರ್ದೇಶನ, ಆಗುಂಬೆಯ ದೊಡ್ಡಮನೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಸಿಡುಕು ಮುಖದ ತಂದೆಯಾಗಿ ಗಿರೀಶ್ ಕಾರ್ನಾಡ್. ಕಾರ್ನಾಡರು ಹುಟ್ಟಿದ್ದು 1938ರಲ್ಲಿ ಮಾಥೇರಾನಿನಲ್ಲಿ, ಅಂದರೆ ನಮ್ಮ ಬದ್ಲಾಪುರದಾಚೆಯ ಗುಡ್ಡದ ಮೇಲೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗಲೇ ಗೊತ್ತಿದ್ದರೆ ಚಾಳಿನಲ್ಲಿ ಇನ್ನಷ್ಟು ಮೆರೆಯಬಹುದಿತ್ತು. ಶಂಕರ್ ನಾಗ್ ಕೂಡ ಮುಂಬಯಿಯಲ್ಲಿ ಬ್ಯಾಂಕಿನ ಕೆಲಸ, ಮರಾಠಿ ರಂಗಭೂಮಿ ಎರಡನ್ನೂ ಮಾಡಿ ಹೋದವರು.

ಧಾರಾವಾಹಿ ನೋಡುತ್ತ ಎದುರು ಖೋಲಿಯ ಕಾಕೂ ಅಪ್ಪನನ್ನು ಕೇಳಿದಳು: ‘ಹೇ ತುಮ್ಚಂ ಗಾವ್ ಕಾ?’ (ಇದು ನಿಮ್ಮೂರಾ?) ಆಗುಂಬೆಯಲ್ಲಿ ಆಷಾಢದ ಒಂದು ವಾರ ಸುರಿಯುವ ಮಳೆ ಇಂಡಿಗೆ ಇಡೀ ವರ್ಷದಲ್ಲಿ ಬಂದರೆ ಪುಣ್ಯ. ಅಪ್ಪ ಒಂದು ಕ್ಷಣವೂ ತಡೆಯದೆ ಹೌದು ಎಂದುಬಿಟ್ಟ. ಮನೆಗೆ ಬಂದ ಮೇಲೆ ಅವ್ವ ಜಗಳ ತೆಗೆದಳು. ‘ಇರಲಿ ಬಿಡು, ಹಂಗರ ನಮ್ಮೂರಾಗ ಮಳಿ ಆಗ್ಲಿ’ ಎಂದ.

ಮಾಲ್ಗುಡಿಯನ್ನು ನಾನು ಈಚೆಗೆ ಮತ್ತೆ ನೋಡಿದೆ. ಹಳೆಯದನ್ನು ಮತ್ತೆ ನೋಡುವುದು ಅಪಾಯದ ಕೆಲಸ. ಹತ್ತರಲ್ಲಿ ಒಂಬತ್ತು ಕುಸಿದು ಬೀಳುತ್ತವೆ. ಇದು ಬೀಳಲಿಲ್ಲ. ಕಾರಣ, ಶಂಕರ್ ನಾಗ್ ಮಕ್ಕಳಿಗೆ ಬುದ್ಧಿ ಹೇಳಲು ಹೊರಟಿಲ್ಲ. ಸ್ವಾಮಿ ಸುಳ್ಳು ಹೇಳುತ್ತಾನೆ, ಹೆದರುತ್ತಾನೆ, ಗೆಳೆಯನಿಗೆ ಮೋಸ ಮಾಡುತ್ತಾನೆ. ಕಂತಿನ ಕೊನೆಗೆ ಯಾರೂ ಬಂದು ಅದರ ನೀತಿ ವಿವರಿಸುವುದಿಲ್ಲ. ಆ ಕಾಲದ ದೂರದರ್ಶನದಲ್ಲಿ ಇದು ಅಪರೂಪ. 1984ರ ‘ಹಮ್ ಲೋಗ್’ನಲ್ಲಿ ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನಮಗೆ ತಿಳಿಹೇಳಿ ಹೋಗುತ್ತಿದ್ದರು. ಕುಟುಂಬ ಯೋಜನೆ, ಸಾಕ್ಷರತೆ, ರಾಷ್ಟ್ರೀಯ ಏಕತೆ: ಸರ್ಕಾರ ಮೇಷ್ಟ್ರು, ನಾವು ಹಿಂದಿನ ಬೆಂಚು. ಲಕ್ಷ್ಮಣರ ‘ವಾಗ್ಲೆ ಕಿ ದುನಿಯಾ’ ಕೂಡ ಹೀಗೆ ಬುದ್ಧಿ ಹೇಳದ ಕಾರಣಕ್ಕೇ ಇಷ್ಟವಾಗಿತ್ತು. ಕುಂದನ್ ಷಾ ನಿರ್ದೇಶಿಸಿದ, ಅಂಜನ್ ಶ್ರೀವಾಸ್ತವ್ ಗುಮಾಸ್ತನಾದ ಆ ಮಾಲಿಕೆಯಲ್ಲಿ ಯಾರೂ ದೊಡ್ಡವರಾಗುವುದಿಲ್ಲ. 8.12ರ ಲೋಕಲ್ ತಪ್ಪಿಸಿಕೊಂಡವರಿಗೆಲ್ಲ ಅವನು ನೆಂಟ.

ಇನ್ನು ರಾಮಾಯಣ. 1987ರ ಜನವರಿ 25ರಿಂದ ಮರುವರ್ಷದ ಜುಲೈ ಕೊನೆಯವರೆಗೆ ಭಾನುವಾರ ಬೆಳಗ್ಗೆ ಅಂಬರನಾಥದ ಬೀದಿಗಳು ಖಾಲಿಯಾದದ್ದು ನಿಜ, ಟಿವಿಗೆ ಹಾರ ಹಾಕಿದ್ದೂ ನಿಜ. 1988ರ ಅಕ್ಟೋಬರ್ 2ಕ್ಕೆ ಮಹಾಭಾರತ ಶುರುವಾಯಿತು. ಆದರೆ ಈ ಎರಡು ಧಾರಾವಾಹಿಗಳ ನಡುವೆ ನಡೆದ ದೊಡ್ಡ ಸಂಗತಿ ಯಾರ ನೆನಪಿನ ಬರಹದಲ್ಲೂ ಇಲ್ಲ. ಬೋನಸ್ಸು, ಸೊಸೈಟಿ ಸಾಲ, ಕಂತು ಹೇಗೋ ಹೊಂದಿಸಿ ಮನೆಮನೆಗೂ ಟಿವಿ ಬಂದುಬಿಟ್ಟಿತು. ಕ್ರೌನ್, ವೆಸ್ಟನ್, ಟೆಲಿವಿಸ್ಟಾ. ದುಡ್ಡು ಕಡಿಮೆಯಿದ್ದವರಿಗೆ ಪಕ್ಕದ ಉಲ್ಹಾಸನಗರದಲ್ಲಿ ಜೋಡಿಸಿದ, ಹೆಸರೇ ಇಲ್ಲದ ಸೆಟ್ಟುಗಳು. ರಾಮಾಯಣವನ್ನು ಚಾಳು ಒಟ್ಟಿಗೆ ನೋಡಿತು, ಮಹಾಭಾರತವನ್ನು ತಂತಮ್ಮ ಖೋಲಿಗಳಲ್ಲಿ ಬಾಗಿಲು ಹಾಕಿಕೊಂಡು ನೋಡಿತು. ಯಾರೂ ಬಲವಂತ ಮಾಡಿರಲಿಲ್ಲ. ಒಟ್ಟಿಗೆ ಕೂರುವುದು ಅಷ್ಟು ಇಷ್ಟವಾಗಿದ್ದರೆ ಒಟ್ಟಿಗೇ ಕೂರಬಹುದಿತ್ತಲ್ಲ? ಇನ್ನೊಬ್ಬರ ಮನೆಯ ನೆಲದ ಮೇಲೆ ಕೂತು ನೋಡುವ ದೈನ್ಯ ತಪ್ಪಿತೆಂದು ಜನ ನಿಟ್ಟುಸಿರು ಬಿಟ್ಟರು. ಅವ್ವ ಮೊದಲ ಸಲ ಟಿವಿ ನೋಡಿದ್ದು ನಮ್ಮದೇ ಟಿವಿ ಬಂದ ಮೇಲೆ, ಕಾಲು ಚಾಚಿಕೊಂಡು, ಶೇಂಗಾ ಸುಲಿಯುತ್ತ. ಅವಳ ಪಾಲಿಗೆ ಒಳ್ಳೆಯ ಕಾಲ ಶುರುವಾದದ್ದು ಆವತ್ತು.

ಕೇಬಲ್ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಆ ಕಥೆ ಎಲ್ಲ ಊರುಗಳದೂ ಒಂದೇ, ಬಿಡಿ. 1994ರ ಜೂನ್‌ನಲ್ಲಿ ಉದಯ ಟಿವಿ ಶುರುವಾದ ಮೇಲೆ ಮಾತ್ರ ನಮ್ಮದೊಂದು ಪ್ರತ್ಯೇಕ ಹೋರಾಟ ನಡೆಯಿತು. ಕನ್ನಡದ ಮನೆಗಳವರು ಸೇರಿ ಕೇಬಲ್‌ನವನನ್ನು ಕೇಳಿದರೆ ಅವನು, ‘ಮದ್ರಾಸಿ ಚಾನೆಲ್ ಒಂದಿದೆಯಲ್ಲ’ ಎಂದ. ಸನ್ ಟಿವಿ ತೋರಿಸುತ್ತಿದ್ದ, ಪಾಪ. ಅವನ ಲೆಕ್ಕದಲ್ಲಿ ಸೊಲ್ಲಾಪುರದಿಂದ ಕೆಳಗೆ ಎಲ್ಲವೂ ಒಂದೇ. ಬಹಳ ದಿನ ಬೆನ್ನುಹತ್ತಿದ ಮೇಲೆ ಉದಯ ಬಂತು. ಅವ್ವ ಉತ್ಸಾಹದಿಂದ ಕೂತಳು. ಒಂದು ಧಾರಾವಾಹಿ ಮುಗಿದ ಮೇಲೆ, ‘ಇವರು ಯಾವ ಕಡೆಯವರು? ಪುಸ್ತಕ ಓದಿದಂಗ ಮಾತಾಡ್ತಾರಲ್ಲ’ ಎಂದಳು. ಬೆಂಗಳೂರು-ಮೈಸೂರಿನ ಕನ್ನಡ ಅವಳಿಗೆ ಮರಾಠಿಗಿಂತ ಸ್ವಲ್ಪ ಹತ್ತಿರ, ಅಷ್ಟೇ. ಅವಳ ಕನ್ನಡ ಮಾತಾಡುವವರು ಪರದೆಯ ಮೇಲೆ ಬಂದರೆ ಅವರು ಡ್ರೈವರು, ಇಲ್ಲವೇ ಅಡುಗೆಯವ, ಇಲ್ಲವೇ ನಗಿಸಲು ಬಂದವನು. ಇಂದಿಗೂ ಇದು ಹೆಚ್ಚು ಬದಲಾಗಿಲ್ಲ. ಕನ್ನಡದ ಚಾನೆಲ್‌ಗಳ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ದಿಲ್ಲಿ ನಮಗೆ ಮಾಡಿದ್ದನ್ನು ಬೆಂಗಳೂರು ಬಿಜಾಪುರಕ್ಕೆ ಮಾಡಿತು. ಅವ್ವ ಕಡೆಗೆ ಒಪ್ಪಿಕೊಂಡದ್ದು ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಒಂದನ್ನೇ. 2002ರ ಜನವರಿಯಲ್ಲಿ ಶುರುವಾದ, ಡಾ. ನಾ. ಸೋಮೇಶ್ವರ ನಡೆಸುವ ಆ ಕಾರ್ಯಕ್ರಮದಲ್ಲಿ ಗೆದ್ದವರಿಗೆ ಪುಸ್ತಕ ಕೊಡುತ್ತಾರೆ. ನಾಲ್ಕನೇ ಇಯತ್ತೆ ಓದಿದ ಅವ್ವನಿಗೆ ಅದು ಘನವಾದ ಬಹುಮಾನ ಎನಿಸುತ್ತಿತ್ತು.

ನಮ್ಮ ಮೊದಲ ಟಿವಿ 2005ರ ಜುಲೈ 26ರ ಮಳೆಯಲ್ಲಿ ಹೋಯಿತು. ನೆಲಮಟ್ಟದ ಮನೆಗಳಿಗೆಲ್ಲ ನೀರು ನುಗ್ಗಿತ್ತು. ವಾಲಧುನಿ ಹೊಳೆಯ ಕೆಸರು ತುಂಬಿದ ಡಬ್ಬವನ್ನು ಗುಜರಿಯವನಿಗೆ ಹಾಕಿದೆವು. ಅದು ಕೆಟ್ಟು ಎಷ್ಟೋ ವರ್ಷವಾಗಿತ್ತು, ಯಾರಿಗೂ ದುಃಖವಾಗಲಿಲ್ಲ.

ಹಳೆಯ ಟಿವಿಯ ನಿಜವಾದ ಪರೀಕ್ಷೆ ನಡೆದದ್ದು 2020ರಲ್ಲಿ. ಲೋಕಲ್ ರೈಲು ನಿಂತು, ದೇಶಕ್ಕೆ ಬೀಗ ಬಿದ್ದ ಆ ಮಾರ್ಚ್ 28ರಿಂದ ದೂರದರ್ಶನ ರಾಮಾಯಣವನ್ನು ಮತ್ತೆ ಹಾಕಿತು. ಲಕ್ಷ ಲಕ್ಷ ಜನ ನೋಡಿದರು. ಹೋಗಲು ಬೇರೆ ಎಡೆಯೂ ಇರಲಿಲ್ಲ. ನಮ್ಮ ಮನೆಯಲ್ಲೂ ಮೂರು ತಲೆಮಾರು ಕೂತೆವು. ಕಂತಿನಲ್ಲಿ ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಹೋಗಿ ಬರುವಷ್ಟರಲ್ಲಿ ಮಗಳು ಎದ್ದು ಮ್ಯಾಗಿ ಮಾಡಿಕೊಂಡು ಬಂದಳು. ಅವಳು ಬಂದಾಗಲೂ ಬಾಣಗಳೆರಡು ಆಕಾಶದಲ್ಲಿ ಮುಖಾಮುಖಿಯಾಗಿ ನಿಂತೇ ಇದ್ದವು. ‘ಆಯಿ, ಇದನ್ನ ನೀವು ವರ್ಷಗಟ್ಟಲೆ ನೋಡಿದ್ರಾ?’ ಎಂದು ಅವ್ವನನ್ನು ಕೇಳಿದಳು. ಅವ್ವ, ‘ಆಗ ಬ್ಯಾರೆ ಏನಿತ್ತವ್ವಾ?’ ಎಂದಳು. ಮಗಳು ಉಳಿದ ಕಂತುಗಳನ್ನು ಫೋನಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಮುಗಿಸಿದಳು. ಹಾಗೆ ನೋಡಿದರೆ ಅದರ ನಡೆ ಸರಿಯಾಗಿಯೇ ಇದೆ ಎಂದು ನನಗೂ ಅನಿಸಿತು.

ಅವ್ವನ ಆ ಒಂದು ಮಾತಿನ ಮೇಲೆ ನಾನು ಹೆಚ್ಚು ಸೇರಿಸಬೇಕಾದ್ದಿಲ್ಲ. ಬೇರೆ ಏನೂ ಇರಲಿಲ್ಲ. ಇರುವುದೊಂದೇ ಆದಾಗ ಎಲ್ಲರೂ ಅದನ್ನೇ ನೋಡುತ್ತಾರೆ, ಎಲ್ಲರೂ ನೋಡಿದ್ದರಿಂದ ಎಲ್ಲರಿಗೂ ನೆನಪಿದೆ, ಎಲ್ಲರಿಗೂ ನೆನಪಿರುವುದರಿಂದ ಅದು ಒಳ್ಳೆಯದಿತ್ತು ಎಂದು ಕಾಣುತ್ತದೆ. ಇಂದು ಬದ್ಲಾಪುರ ಲೋಕಲ್‌ನಲ್ಲಿ ನಿಂತವರ ಕೈಯಲ್ಲೆಲ್ಲ ಒಂದೊಂದು ಪರದೆ, ಕಿವಿಯಲ್ಲಿ ಬೇರೆ ಬೇರೆ ಭಾಷೆ. ನನ್ನ ಮಗಳು ಕೊರಿಯಾದ ಧಾರಾವಾಹಿ ನೋಡುತ್ತಾಳೆ, ಅವಳ ಪಕ್ಕದಲ್ಲಿ ಕೂತವಳು ಭೋಜಪುರಿ ಹಾಡು. ಯಾರೂ ಯಾರ ಹೊಸ್ತಿಲಲ್ಲೂ ನಿಂತಿಲ್ಲ. ವಾಟ್ಸಾಪ್‌ನ ಗೆಳೆಯರಿಗೆ ಇದು ಒಡೆದ ಸಮಾಜದಂತೆ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಹೋದದ್ದೊಂದಿದೆ: ಸೋಮವಾರ ಶಾಲೆಯಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಎಲ್ಲರೂ ಒಂದೇ ಸಂಗತಿ ಮಾತಾಡುವ ಸುಖ. ಅದು ಸಣ್ಣದಲ್ಲ. ಅದಕ್ಕೆ ಕೊಟ್ಟ ಬೆಲೆಯೂ ಸಣ್ಣದಿರಲಿಲ್ಲ.

ಮನೆಯ ಮಕ್ಕಳಿಗೆ ಆ ಕಾಲದ್ದೇನಾದರೂ ತೋರಿಸುವುದಿದ್ದರೆ ಮಾಲ್ಗುಡಿಯ ಸ್ವಾಮಿಯ ಕಂತುಗಳನ್ನು ತೋರಿಸಿ. ಇಷ್ಟವಾಗದಿದ್ದರೆ ಅರ್ಧಕ್ಕೆ ಎದ್ದುಹೋಗಲು ಬಿಡಿ; ನಮಗೆ ಸಿಗದಿದ್ದ ಸವಲತ್ತು ಅದು. ಇಷ್ಟವಾಗಿ ಕೂತರೆ ಪಕ್ಕದಲ್ಲಿ ಕೂತು ‘ನಮ್ಮ ಕಾಲದಲ್ಲಿ’ ಎಂದು ಶುರು ಮಾಡಬೇಡಿ. ಹೆಂಚು ಹತ್ತಿ ಆಂಟೆನಾ ತಿರುಗಿಸಿದ ಕಥೆಯನ್ನು ಅವರು ಈಗಾಗಲೇ ಸಾಕಷ್ಟು ಸಲ ಕೇಳಿದ್ದಾರೆ.